ಪ್ರಶ್ನೋತ್ತರ: ಹೊರದೇಶದ ಮಿಷನರಿ ತಂಡದಲ್ಲಿ ಒಬ್ಬರು ಆತ್ಮಹತ್ಯೆಯಿಂದ ತೀರಿಕೊಂಡಾಗ

ಪ್ರಶ್ನೆ (ತಂಡದ ಮುಖ್ಯಸ್ಥ):
ಒಂಬತ್ತು ಜನ ದೊಡ್ಡವರು, ನಾಲ್ಕು ಮಕ್ಕಳಿರುವ ತಂಡ ನಮ್ಮದು. ಐದು ದಿನದ ಹಿಂದೆ ನಮ್ಮ ಸಹೋದರನೊಬ್ಬ ಆತ್ಮಹತ್ಯೆ ಮಾಡಿಕೊಂಡ. ವಯಸ್ಸು ಮೂವತ್ತೂ ಆಗಿರಲಿಲ್ಲ. ಆ ರಾತ್ರಿ ಏನೂ ತೋಚದೆ ತಂಡಕ್ಕೆ ‘ಹೃದಯಾಘಾತ’ ಅಂದುಬಿಟ್ಟೆ. ಅವನ ತಂದೆತಾಯಿಗೆ ನಿಜ ಗೊತ್ತು, ಬಾಗಿಲು ಒಡೆದು ಒಳಗೆ ಹೋದ ಇಬ್ಬರಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ನಮ್ಮನ್ನು ಕಳಿಸಿದ ಸಭೆಯ (ಚರ್ಚಿನ) ಹಿರಿಯರು ‘ಸೇವೆಗೆ ಕಳಂಕ ಬರುತ್ತೆ, ಹಾಗೇ ಬಿಡಿ’ ಅನ್ನುತ್ತಿದ್ದಾರೆ. ಅಡುಗೆಮನೆಯ ಬೋರ್ಡಿನಲ್ಲಿ ಗುರುವಾರ ಪಾತ್ರೆ ತೊಳೆಯುವ ಪಾಳಿಗೆ ಅವನ ಹೆಸರೇ ಇದೆ. ಯಾರೂ ಅಳಿಸಿಲ್ಲ. ಆ ಗುರುವಾರ ಯಾರೂ ಪಾತ್ರೆಯನ್ನೂ ಮುಟ್ಟಲಿಲ್ಲ. ನಾನೀಗ ಏನು ಮಾಡಲಿ?

ಉತ್ತರ (ಮಿಷನರಿಗಳ ಆಪ್ತಸಮಾಲೋಚಕಿ):
ಮೊದಲು, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ. ಆ ರಾತ್ರಿ ನೀವು ಹೇಳಿದ ಸುಳ್ಳು ದುರುದ್ದೇಶದ್ದಲ್ಲ, ಗಾಬರಿಯದ್ದು. ಆದರೆ ಅದನ್ನು ಇವತ್ತೇ ಸರಿಪಡಿಸಿ. ನಿಜ ಹೇಗಿದ್ದರೂ ಹೊರಬರುತ್ತದೆ. ಮಕ್ಕಳ ಕಿವಿಗೆ ಅಡುಗೆಮನೆಯ ಪಿಸುಮಾತಾಗಿ ಬೀಳಬಹುದು, ಇಲ್ಲವೇ ಪೊಲೀಸರ ಪ್ರಶ್ನೆಯಾಗಿ ಎದುರಿಗೆ ಬರಬಹುದು. ಆಗ ತಂಡ ಅವನ ಜೊತೆಗೆ ನಿಮ್ಮ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯ, ನಿಜ ಗೊತ್ತಿರುವ ಆ ಇಬ್ಬರು ಐದು ದಿನದಿಂದ ಕಂಡದ್ದನ್ನು ಯಾರ ಬಳಿಯೂ ಹೇಳಲಾರದೆ ಹೊತ್ತು ತಿರುಗುತ್ತಿದ್ದಾರೆ. ಅವರ ಬಾಯಿಗೆ ಬೀಗ ಹಾಕಿರುವುದು ಆ ಒಂದು ಮಾತು.

ಮೊದಲು ತಂದೆತಾಯಿಗೆ ಫೋನ್ ಮಾಡಿ, ‘ತಂಡದವರಿಗೆ ನಿಜ ಹೇಳುತ್ತಿದ್ದೇನೆ, ಹೊರಗಿನವರಿಗೆ ಎಷ್ಟು ಹೇಳಬೇಕು ಎಂಬುದು ನಿಮ್ಮ ತೀರ್ಮಾನ’ ಎನ್ನಿ. ಆಮೇಲೆ ದೊಡ್ಡವರನ್ನೆಲ್ಲ ಒಟ್ಟಿಗೆ ಕೂರಿಸಿ. ವಾಟ್ಸ್ಯಾಪ್‌ನಲ್ಲಿ ಬೇಡ. ಮಾತು ಇಷ್ಟೇ ಇರಲಿ: ‘ಅಂದು ಹೃದಯಾಘಾತ ಅಂದೆ, ಅದು ನಿಜವಲ್ಲ, ಕ್ಷಮಿಸಿ. ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡ. ಯಾಕೆ ಅಂತ ಪೂರ್ತಿ ನಮಗೆ ಗೊತ್ತಿಲ್ಲ.’ ಎಲ್ಲರಿಗೂ ಇದೇ ಪದಗಳಲ್ಲಿ ಹೇಳಿ. ಹೇಗೆ, ಎಲ್ಲಿ, ಏನು ಬರೆದಿಟ್ಟಿದ್ದ ಎಂಬ ವಿವರಕ್ಕೆ ಹೋಗಬೇಡಿ. ಕೂತವರಲ್ಲಿ ಇನ್ನೊಬ್ಬರು ಒಳಗೊಳಗೇ ಕುಸಿಯುತ್ತಿರಬಹುದು, ಅಂಥವರಿಗೆ ಆ ವಿವರ ದಾರಿ ತೋರಿಸಿದಂತಾಗುತ್ತದೆ. ‘ಭಾಷಾ ಪರೀಕ್ಷೆಯಲ್ಲಿ ಸೋತಿದ್ದ, ಅದಕ್ಕೇ’ ಎಂದು ಒಂದೇ ಕಾರಣ ಕಟ್ಟುವುದೂ ತಪ್ಪು. ಇಂಥ ಸಾವಿಗೆ ಒಂದೇ ಕಾರಣ ಇರುವುದು ಅಪರೂಪ.

‘ಆತ್ಮಹತ್ಯೆ ಮಾಡಿಕೊಂಡ’ ಅನ್ನುವಾಗ ಒಂದು ಕ್ಷಣ ತಡೆದು ನೋಡಿ. ಆ ಪದದೊಳಗೇ ‘ಹತ್ಯೆ’ ಇದೆ, ಅದಕ್ಕೆ ‘ಮಾಡಿಕೊಂಡ’ ಸೇರಿದರೆ ಸತ್ತವನನ್ನೇ ಅಪರಾಧಿ ಮಾಡುತ್ತದೆ. ಮನೆಯವರ ಮುಂದೆ ನಾನು ‘ಆತ್ಮಹತ್ಯೆಯಿಂದ ತೀರಿಕೊಂಡರು’ ಅನ್ನುತ್ತೇನೆ, ಇಲ್ಲವೇ ‘ಜೀವ ಕಳೆದುಕೊಂಡರು’ ಅನ್ನುತ್ತೇನೆ. ಸಣ್ಣ ವ್ಯತ್ಯಾಸ, ಆದರೆ ತಾಯಂದಿರಿಗೆ ಅದು ಕೇಳಿಸುತ್ತದೆ.

ಸಾವಿನ ನಂತರದ ಈ ಆರೈಕೆಗೆ ‘ಪೋಸ್ಟ್‌ವೆನ್ಷನ್’ ಎಂದು ಹೆಸರಿಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್. ಉಳಿದವರನ್ನು ನೋಡಿಕೊಳ್ಳುವುದೇ ಮುಂದಿನ ಸಾವನ್ನು ತಡೆಯುವ ಕೆಲಸವೂ ಹೌದು. ಹಾಗಾಗಿ ತಂಡದ ಪ್ರತಿಯೊಬ್ಬರನ್ನೂ ಒಂಟಿಯಾಗಿ ಕಂಡು ನೇರವಾಗಿ ಕೇಳಿ: ‘ನಿನಗೂ ಸಾಯಬೇಕು ಅನ್ನಿಸುತ್ತಿದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ, ಹಾಗಾಗುವುದಿಲ್ಲ. ಯಾರಾದರೂ ‘ಹೌದು’ ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಅಪಾಯವಾಗಬಹುದಾದ ವಸ್ತುಗಳನ್ನು ಕೈಗೆ ಸಿಗದಂತೆ ಇಟ್ಟು, ಅದೇ ದಿನ ಆಸ್ಪತ್ರೆಗೆ ಅಥವಾ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಪ್ರಶ್ನೆ (ಅದೇ ಮುಖ್ಯಸ್ಥ):
ಸಂಸ್ಥೆಯವರು ಒಬ್ಬ ತಜ್ಞರನ್ನು ಕಳಿಸಿ, ಎಲ್ಲರನ್ನೂ ಕೂರಿಸಿ, ಕಂಡದ್ದು ಅನುಭವಿಸಿದ್ದೆಲ್ಲ ಮೂರು ಗಂಟೆಯಲ್ಲಿ ಹೇಳಿಸಿ ಮುಗಿಸ್ತೀವಿ ಅಂತಿದ್ದಾರೆ. ಒಪ್ಪಲಾ?

ಉತ್ತರ:
ಒಪ್ಪಬೇಡಿ. 1980ರ ದಶಕದಿಂದ ಈ ‘ಡಿಬ್ರೀಫಿಂಗ್’ ಬಹಳ ನಡೆಯಿತು. ಒಂದೇ ಕೂಟದಲ್ಲಿ ಎಲ್ಲವನ್ನೂ ಬಲವಂತವಾಗಿ ಹೇಳಿಸುವುದರಿಂದ ಉಪಯೋಗ ಕಾಣಲಿಲ್ಲ, ಕೆಲವರಿಗೆ ನೋವು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡ ಎನ್ನುತ್ತದೆ. 2011ರ ಅದರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರು ಮಾತು: ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ. ಯಾರು ಊಟ ಬಿಟ್ಟಿದ್ದಾರೆ, ಯಾರು ನಿದ್ದೆಗೆಟ್ಟಿದ್ದಾರೆ ಎಂದು ನೋಡಿ. ಮಾತಾಡುವವರ ಮಾತು ಕೇಳಿಸಿಕೊಳ್ಳಿ, ಸುಮ್ಮನಿರುವವರನ್ನು ಸುಮ್ಮನಿರಲು ಬಿಡಿ. ಬೇಕಾದವರನ್ನು ಮನೆಯವರ ಜೊತೆ, ವೈದ್ಯರ ಜೊತೆ ಜೋಡಿಸಿ. ತಜ್ಞರು ಬರಲಿ, ಆದರೆ ಒಂದು ವಾರ ಇರಲಿ. ಮೂರು ತಿಂಗಳಿಗೆ ಮತ್ತೆ ಬರಲಿ, ವರ್ಷದ ದಿನಕ್ಕೂ ಬರಲಿ.

ಪ್ರಶ್ನೆ (ತಂಡದ ತಾಯಿಯೊಬ್ಬರು):
ನನ್ನ ಮಕ್ಕಳಿಗೆ ಆರು, ಹನ್ನೊಂದು ವರ್ಷ. ‘ಅಂಕಲ್ ದೇವರ ಹತ್ರ ಹೋದ್ರು’ ಅಂದಿದ್ದೇನೆ. ಚಿಕ್ಕವಳು ‘ನಮ್ಮನ್ನ ಬಿಟ್ಟು ಯಾಕೆ ಹೋದ್ರು, ಯಾವಾಗ ಬರ್ತಾರೆ’ ಅಂತ ಕೇಳ್ತಾಳೆ.

ಉತ್ತರ:
ಅವಳ ಪ್ರಶ್ನೆಯಲ್ಲೇ ಉತ್ತರವಿದೆ: ‘ಹೋದರು’ ಅಂದರೆ ಮಕ್ಕಳ ಪಾಲಿಗೆ ಬರುತ್ತಾರೆ ಅಂತ ಅರ್ಥ. ‘ಸತ್ತುಹೋದರು, ಅವರ ದೇಹ ಕೆಲಸ ಮಾಡುವುದು ನಿಲ್ಲಿಸಿತು, ಇನ್ನು ಬರುವುದಿಲ್ಲ’ ಅನ್ನಿ. ‘ಮಲಗಿದ್ದಾರೆ’ ಅನ್ನಬೇಡಿ, ರಾತ್ರಿ ಮಲಗಲು ಹೆದರುತ್ತಾಳೆ. ‘ದೇವರಿಗೆ ಬೇಕಾಗಿತ್ತು, ಕರೆದುಕೊಂಡರು’ ಎಂಬುದಂತೂ ಬೇಡವೇ ಬೇಡ. ದೊಡ್ಡವನಿಗೆ ನಿಜ ಹೇಳಿ: ‘ಮನಸ್ಸಿಗೆ ತುಂಬ ಕಾಯಿಲೆಯಾಗಿತ್ತು, ಸಹಾಯ ಸಿಗುತ್ತೆ ಅಂತ ಆಗ ಅವರಿಗೆ ಅನ್ನಿಸಲೇ ಇಲ್ಲ, ತಮ್ಮ ಜೀವ ತಾವೇ ಕಳೆದುಕೊಂಡರು. ನಿನಗೆ ಯಾವತ್ತು ಹಾಗೆ ಅನ್ನಿಸಿದರೂ ನನ್ನನ್ನು ಎಬ್ಬಿಸು.’ ಇಬ್ಬರಿಗೂ ಒಂದು ಮಾತು ಹೇಳಲೇಬೇಕು: ಇದು ನಿನ್ನಿಂದ ಆಗಿದ್ದಲ್ಲ. ಮಕ್ಕಳು ಕೇಳದಿದ್ದರೂ ಆ ಪ್ರಶ್ನೆ ಅವರೊಳಗೆ ಇರುತ್ತದೆ.

ಪ್ರಶ್ನೆ (ಹೆಸರು ಬೇಡ ಎಂದವರು):
ಹಿಂದಿನ ರಾತ್ರಿ ಅವನು ನನ್ನ ಬಾಗಿಲು ತಟ್ಟಿ ‘ಸ್ವಲ್ಪ ಮಾತಾಡೋಣ್ವಾ’ ಅಂದ. ಸುಸ್ತಾಗಿತ್ತು, ‘ನಾಳೆ’ ಅಂದೆ. ‘ಸರಿ ಬಿಡು’ ಅಂತ ನಕ್ಕು ಹೋದ.

ಉತ್ತರ:
‘ನಿನ್ನ ತಪ್ಪಿಲ್ಲ’ ಅಂತ ಒಂದು ಸಾಲಿನಲ್ಲಿ ಹೇಳಿ ಮುಗಿಸಲಾರೆ. ಎಲ್ಲರೂ ಅದನ್ನೇ ಹೇಳಿರುತ್ತಾರೆ, ನಿಮಗೆ ನಾಟಿರುವುದಿಲ್ಲ.

ಇವತ್ತು ನಿಮಗೆ ಗೊತ್ತಿರುವುದು ಆ ರಾತ್ರಿ ಗೊತ್ತಿರಲಿಲ್ಲ. ದಣಿದ ಗೆಳೆಯ ಗೆಳೆಯನಿಗೆ ‘ನಾಳೆ’ ಅಂದ, ನಾಳೆ ಇದೆ ಎಂದು ನಂಬಿ ಅಂದ. ಆ ಮಾತು ಕೊಂದಿಲ್ಲ. ಅವನ ನೋವು ಆ ರಾತ್ರಿಗಿಂತ ಬಹಳ ಹಿಂದೆಯೇ ಶುರುವಾಗಿತ್ತು. ಆ ಬಾಗಿಲು ತಟ್ಟಿದ ಸದ್ದು ನಿಮಗೆ ಇನ್ನೂ ಎಷ್ಟೋ ರಾತ್ರಿ ಕೇಳಿಸುತ್ತದೆ. ಅದನ್ನು ಒಬ್ಬರೇ ಕೇಳಬೇಡಿ. ನನಗೆ ಖಾಸಗಿಯಾಗಿ ಬರೆಯಿರಿ, ಇವತ್ತೇ. ನಿಮಗೂ ಸಾಯಬೇಕು ಅನ್ನಿಸುತ್ತಿದೆಯೇ ಎಂದು ನಾನೂ ನೇರವಾಗಿಯೇ ಕೇಳುತ್ತೇನೆ. ಹೌದಾದರೆ ಬರೆಯಲು ಕಾಯದೆ, ಈಗಲೇ ಎದ್ದು ಪಕ್ಕದ ಕೋಣೆಯವರನ್ನು ಎಬ್ಬಿಸಿ.

ಪ್ರಶ್ನೆ (ಕಳಿಸಿದ ಸಭೆಯ ಪಾಸ್ಟರ್):
ಸ್ಮರಣೆಯ ಆರಾಧನೆ ನಡೆಸಬಹುದೇ? ಇದು ಕ್ಷಮೆಯಿಲ್ಲದ ಪಾಪ ಅನ್ನುವವರು ಸಭೆಯಲ್ಲಿದ್ದಾರೆ.

ಉತ್ತರ:
ನಡೆಸಿ. ಬೇರೆ ಯಾರ ಸಾವಿಗೆ ಹೇಗೆ ನಡೆಸುತ್ತೀರೋ ಹಾಗೇ. ಹಾಗೆ ಅನ್ನುವವರಿಗೆ ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಓದಿ: ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದವುಗಳ ಪಟ್ಟಿಯಲ್ಲಿ ಮೊದಲು ಬರುವುದೇ ಮರಣ. ಪ್ರವಾದಿ ಎಲೀಯನು ‘ಸಾಕು, ನನ್ನ ಪ್ರಾಣ ತೆಗೆ’ ಎಂದು ಬೇಡಿದಾಗ ದೇವದೂತ ಗದರಿಸಲಿಲ್ಲ, ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಬರ್ಮಾದ ಮಿಷನರಿ ಅಡೋನಿರಾಮ್ ಜಡ್ಸನ್ 1826ರಲ್ಲಿ ಹೆಂಡತಿಯನ್ನು, ಆರು ತಿಂಗಳಲ್ಲಿ ಮಗುವನ್ನೂ ಕಳೆದುಕೊಂಡ ಮೇಲೆ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡು, ತಾನೇ ಸಮಾಧಿ ತೋಡಿ ಅದರ ಪಕ್ಕ ಕೂರುತ್ತಿದ್ದರು. 1834ರಲ್ಲಿ ಬರ್ಮೀ ಬೈಬಲ್ ಅನುವಾದ ಮುಗಿಸಿದವರೂ ಅವರೇ. ಇಷ್ಟು ಕುಸಿಯುವುದು ವಿಶ್ವಾಸದ ಕೊರತೆ ಅಲ್ಲ. ಹಾಗೆಯೇ ಸಾವನ್ನು ಬಲಿದಾನ ಎಂಬಂತೆ ಬಣ್ಣಿಸಬೇಡಿ. ಅವನ ಬದುಕಿನ ಬಗ್ಗೆ ಮಾತಾಡಿ.

ಪ್ರಶ್ನೆ (ಆಡಳಿತ ನೋಡುವವರು):
ದೇಹ ಊರಿಗೆ ಕಳಿಸುವ ವಿಚಾರ?

ಉತ್ತರ:
ಎಂಬಸಿಗೆ ಈಗಲೇ ತಿಳಿಸಿ. ಪರದೇಶದವರು ತೀರಿಕೊಂಡರೆ ಸ್ಥಳೀಯ ಆಡಳಿತ ಅವರ ದೇಶದ ದೂತಾವಾಸಕ್ಕೆ ತಿಳಿಸಬೇಕು ಎಂದು 1963ರ ವಿಯೆನ್ನಾ ಒಪ್ಪಂದದಲ್ಲೇ ಇದೆ, ಆದರೂ ಕಾಯುತ್ತಾ ಕೂರಬೇಡಿ. ಸಾಮಾನ್ಯವಾಗಿ ಪೊಲೀಸ್ ವರದಿ, ಮರಣೋತ್ತರ ಪರೀಕ್ಷೆ, ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ರದ್ದಾದ ಪಾಸ್‌ಪೋರ್ಟ್, ಇಷ್ಟು ಬೇಕಾಗುತ್ತದೆ. ಪೊಲೀಸರು ಹೇಳುವವರೆಗೆ ಅವನ ಕೋಣೆ ಗುಡಿಸಬೇಡಿ. ಠಾಣೆಗೆ ದುಭಾಷಿಯಾಗಿ ದೇಹ ಕಂಡ ಇಬ್ಬರಲ್ಲಿ ಯಾರನ್ನೂ ಕಳಿಸಬೇಡಿ. ಆತ್ಮಹತ್ಯೆಯ ಪ್ರಯತ್ನ ಇಂದಿಗೂ ಅಪರಾಧವಾಗಿರುವ ದೇಶಗಳಿವೆ, ಹಾಗಾಗಿ ಹೇಳಿಕೆ ಕೊಡುವ ಮುನ್ನ ಸ್ಥಳೀಯ ವಕೀಲರೊಬ್ಬರನ್ನು ಕೇಳಿ.

ತಂಡದ ಮುಖ್ಯಸ್ಥ (ಮರುದಿನ):
ಹೇಳಿದೆ. ಒಬ್ಬರು ಎದ್ದು ಹೊರಗೆ ಹೋದರು, ಅರ್ಧ ಗಂಟೆ ಬಿಟ್ಟು ವಾಪಸ್ ಬಂದು ನನ್ನ ಪಕ್ಕದಲ್ಲೇ ಕೂತರು. ಬಾಗಿಲು ಒಡೆದ ಇಬ್ಬರೂ ಮೊದಲ ಸಲ ಅತ್ತರು. ರಾತ್ರಿ ಯಾರೋ ಪಾತ್ರೆ ತೊಳೆದಿಟ್ಟಿದ್ದಾರೆ. ಬೋರ್ಡಿನ ಹೆಸರು ನಾನೇ ಅಳಿಸಿಬಿಡಲಾ?

ಉತ್ತರ:
ಒಬ್ಬರೇ ಅಳಿಸಬೇಡಿ. ಎಲ್ಲರನ್ನೂ ಕೇಳಿ, ಬಯಸಿದವರು ಆಗ ಅಲ್ಲಿರಲಿ. ಇನ್ನೊಂದು ತಿಂಗಳು ಹಾಗೇ ಇರಲಿ ಅಂದರೆ ಇರಲಿ.

ನೀವು ಬರೆದ ಸಂದೇಶಗಳ ಸಮಯ ನೋಡಿದೆ, ಎಲ್ಲವೂ ರಾತ್ರಿ ಎರಡು ಗಂಟೆಯ ಮೇಲಿನವು. ಮುಂದಿನ ಎರಡು ವಾರ ತಂಡದ ದಿನದ ಜವಾಬ್ದಾರಿ ಇನ್ನೊಬ್ಬರಿಗೆ ಕೊಡಿ. ಇವತ್ತು ಸಂಜೆ ಏಳಕ್ಕೆ ನಾನೇ ಫೋನ್ ಮಾಡುತ್ತೇನೆ. ತಂಡದ ಬಗ್ಗೆ ಅಲ್ಲ, ನಿಮ್ಮ ಬಗ್ಗೆ ಕೇಳುವುದಿದೆ.