ಸಹಾಯ ಬೇಕು: ಇಂಗ್ಲಿಷ್ ಪ್ರಬಂಧದಲ್ಲಿ ‘ಹಿ’ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಆದಿಲ್‌ಶಾಹಿ ಕಟ್ಟಡಗಳ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕು. ಗೈಡ್ ಮೇಡಂ ಮೊದಲ ಅಧ್ಯಾಯ ವಾಪಸ್ ಕೊಟ್ಟರು. ಪುಟದ ತುಂಬಾ ಕೆಂಪು ಗೆರೆ, ಪಕ್ಕದಲ್ಲಿ ‘ಯಾರು?’, ‘ಯಾವುದು?’

ಒಂದು ಕಡೆ ಹೀಗೆ ಬರೆದಿದ್ದೆ: 1627ರಲ್ಲಿ ಸುಲ್ತಾನ ಎರಡನೇ ಇಬ್ರಾಹಿಂ ತೀರಿಕೊಂಡ, ಮಗ ಮುಹಮ್ಮದ್ ಪಟ್ಟಕ್ಕೆ ಬಂದ, ‘ಹಿ’ ಗೋಳಗುಮ್ಮಟ ಕಟ್ಟಿಸಿದ. ನನಗೇನೋ ಸ್ಪಷ್ಟವೇ ಇತ್ತು. ನಮ್ಮೂರಿನ ಟಾಂಗಾದವರನ್ನು ಕೇಳಿದರೂ ಗುಮ್ಮಟ ಯಾರದು ಅಂತ ಹೇಳುತ್ತಾರೆ! ಆದರೆ ಹೊರಗಿನ ಓದುಗರಿಗೆ ಅಪ್ಪನೋ ಮಗನೋ ಗೊತ್ತಾಗುವುದಿಲ್ಲ, ಅಲ್ವಾ?

‘ಹಿಸ್’ ಇನ್ನೂ ಕಷ್ಟ. ಕನ್ನಡದಲ್ಲಿ ‘ಮುಹಮ್ಮದ್ ತನ್ನ ಗೋರಿ ಕಟ್ಟಿಸಿದ’ ಅಂದರೆ ಮುಗಿಯಿತು. ‘ಅವನ ಗೋರಿ’ ಅಂದರೆ ಬೇರೆಯವನದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಹಿಸ್’.

‘ದಿಸ್’ ಅನ್ನು ಸುಮ್ನೆ ಒಂಟಿಯಾಗಿ ಬಿಡದೆ ‘ದಿಸ್ ಡೋಮ್’ ಅಂತ ಬರೆ ಅಂದರು ಮೇಡಂ. ಅದು ತಿಳಿಯಿತು. ಆದರೆ ಪ್ರತಿ ಸಾಲಿಗೂ ಹೆಸರು ಹಾಕಿದರೆ ಒಂದನೇ ಕ್ಲಾಸಿನ ಪುಸ್ತಕದ ಹಾಗೆ ಕಾಣುತ್ತದೆ. ಎಲ್ಲಿ ಹೆಸರು, ಎಲ್ಲಿ ‘ಹಿ’ ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ?

ಇನ್ನೊಂದು. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೂ ‘ದೇ’ ಬಳಸಬಹುದು ಅಂತ ಎಪಿಎ (ಅಮೆರಿಕದ ಮನೋವಿಜ್ಞಾನ ಸಂಘ) ಬರವಣಿಗೆ ಕೈಪಿಡಿಯ 2019ರ ಏಳನೇ ಆವೃತ್ತಿ ಹೇಳುತ್ತದೆ. ಹೆಚ್ಚುಕಡಿಮೆ ನಮ್ಮ ‘ಅವರು’ ಇದ್ದ ಹಾಗೆ. ಮೇಡಂ ಒಪ್ಪುತ್ತಿಲ್ಲ. ಇಡೀ ವಾಕ್ಯವನ್ನೇ ಬಹುವಚನ ಮಾಡಿದರೆ ನಡೆಯುತ್ತದಾ?

ಇಂಗ್ಲಿಷ್ ಕಲಿಸುವ ಅಕ್ಕ, ಅಣ್ಣ ಯಾರಾದರೂ ಎರಡೇ ಪುಟ ನೋಡಿಕೊಡಿ. ಸೋಮವಾರ ಮತ್ತೆ ಕೊಡಬೇಕು.