ಜನವರಿ ಚಳಿಯಲ್ಲಿ ಎಲೆಕ್ಟ್ರಿಕ್ ಕಾರು ಊಟಿ ಹತ್ತುತ್ತಾ?

ಮಂಡ್ಯ ಹೈದ

ನಾಲ್ಕು ತಿಂಗಳ ಹಿಂದೆ ಎಲೆಕ್ಟ್ರಿಕ್ ಕಾರು ತಗೊಂಡೆ, 40 ಯೂನಿಟ್ ಬ್ಯಾಟರಿ. ದಿನಾ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುತ್ತೇನೆ, ಒಂದು ದಿನವೂ ಕೈಕೊಟ್ಟಿಲ್ಲ. ಜನವರಿಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಊಟಿಗೆ ಹೋಗೋಣ ಅಂತ ಇದ್ದೆ. ಅಷ್ಟರಲ್ಲಿ ಕೆನಡಾದಲ್ಲಿರುವ ನಮ್ಮ ಭಾವ ಒಂದು ವಿಡಿಯೋ ಕಳಿಸಿದರು. ಹಿಮದಲ್ಲಿ ಕಾರುಗಳು ಚಾರ್ಜರ್ ಮುಂದೆ ಸಾಲಾಗಿ ನಿಂತಿವೆ, ಚಾರ್ಜೇ ಹತ್ತುತ್ತಿಲ್ಲವಂತೆ. ಅದನ್ನು ನೋಡಿದ್ದೇ ತಡ ನಮ್ಮಪ್ಪ, "ಬಂಡೀಪುರದಲ್ಲಿ ಆನೆ ಮುಂದೆ ನಿಂತ್ಕೊಳ್ಳೋಕೆ ನಾನು ಬರಲ್ಲ, ಡೀಸೆಲ್ ಗಾಡಿ ಬಾಡಿಗೆಗೆ ಮಾಡು" ಅಂತ ಪಟ್ಟು ಹಿಡಿದಿದ್ದಾರೆ. ಯಾರಾದರೂ ಹೋಗಿ ಬಂದಿದ್ದೀರಾ? ಚಳಿಗೆ ನಿಜವಾಗಲೂ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಅಷ್ಟೊಂದು ಬೀಳುತ್ತಾ?

ಕುಕ್ಕರಹಳ್ಳಿ ವಾಕರ್

ಹೋದ ಜನವರಿಯಲ್ಲಿ ಹೋಗಿದ್ದೆ, ನಿಮ್ಮಷ್ಟೇ ಬ್ಯಾಟರಿ, ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಗೂಡಲೂರು ದಾರಿ. ಮೈಸೂರಲ್ಲಿ ಚಾರ್ಜ್ 100 ಪರ್ಸೆಂಟ್ ಇತ್ತು, ಗೂಡಲೂರಿಗೆ 58, ಊಟಿಗೆ ಹೋಗಿ ನಿಲ್ಲಿಸಿದಾಗ 24. ಕೊನೆ 50 ಕಿಲೋಮೀಟರಿಗೆ 34 ಪರ್ಸೆಂಟ್! ಹೆಂಡತಿ ಮುಖ ನೋಡೋ ಹಾಗಿರಲಿಲ್ಲ.

ಆದರೆ ಅದು ಚಳಿಯ ಕೆಲಸ ಅಲ್ಲ, ಏರಿನ ಕೆಲಸ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಊಟಿ 2,240. ಎರಡು ಟನ್ ಹತ್ತಿರದ ಗಾಡಿಯನ್ನು ಒಂದೂವರೆ ಕಿಲೋಮೀಟರ್ ಮೇಲಕ್ಕೆ ಎತ್ತೋಕೇ 7–8 ಯೂನಿಟ್ ಬೇಕು. ಮುಂದಕ್ಕೆ ಓಡೋಕೆ ಬೇಕಾಗಿದ್ದು ಬೇರೆ.

ಚಳಿ ಗೊತ್ತಾಗಿದ್ದು ಮಾರನೇ ದಿನ ಬೆಳಿಗ್ಗೆ. ಡ್ಯಾಶ್‌ಬೋರ್ಡಿನಲ್ಲಿ 4 ಡಿಗ್ರಿ, ಗಾಜಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಗಟ್ಟಿಯಾಗಿತ್ತು. ಇಳಿಯೋಕೆ ಶುರು ಮಾಡಿದೆ. ಆಕ್ಸಿಲರೇಟರ್ ಬಿಟ್ಟರೆ ಗಾಡಿ ತಾನೇ ಹಿಡಿದುಕೊಳ್ಳುತ್ತಿತ್ತಲ್ಲ, ಆವತ್ತು ಹಿಡಿಯಲೇ ಇಲ್ಲ, ಸುಮ್ನೆ ಜಾರಿಕೊಂಡು ಹೋಗುತ್ತಿತ್ತು. ತಣ್ಣಗಿರುವ ಬ್ಯಾಟರಿ ಚಾರ್ಜ್ ಬೇಗ ತಗೊಳ್ಳಲ್ಲ, ಅದಕ್ಕೇ ರೀಜನ್ (ಗಾಡಿ ನಿಧಾನ ಮಾಡುವಾಗ ಚಕ್ರದಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗೋದು) ಕಡಿಮೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ಬ್ರೇಕ್ ಒತ್ತೋಕೆ ಕಾಲು ರೆಡಿ ಇರಲಿ. ಮೇಲೆ 100 ತುಂಬಿಸಿಕೊಂಡು ಇಳಿಯಬೇಡಿ, ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ ಆಗುತ್ತೆ. ನಾನು 80ರಲ್ಲಿ ಹೊರಟೆ, ಗೂಡಲೂರಿಗೆ ಬಂದಾಗ 74.

ಇನ್ನೊಂದು ವಿಷಯ. ಲಾಡ್ಜಿನವರು ಫೋನಿನಲ್ಲಿ "15 ಆಂಪ್ ಪ್ಲಗ್ ಇದೆ ಸಾರ್" ಅಂದಿದ್ದರು. ಹೋಗಿ ನೋಡಿದರೆ ಅದು ಎರಡನೇ ಮಹಡಿ ಬಚ್ಚಲಮನೆಯ ಗೀಸರ್ ಪ್ಲಗ್. ಕೊನೆಗೆ ಅಡುಗೆಮನೆ ಗ್ರೈಂಡರಿನ ಪ್ಲಗ್ ಕೊಟ್ಟರು, ಬೆಳಿಗ್ಗೆ 5ಕ್ಕೆ ಹಿಟ್ಟು ರುಬ್ಬಬೇಕು ಅಂತ ಕಿತ್ತರು. ನನ್ನ 80 ಅಲ್ಲಿಗೆ ನಿಂತಿದ್ದು ಹಾಗೆ, ಜಾಣತನ ಏನೂ ಇಲ್ಲ.

ಡೀಸೆಲ್ಲೇ ದೇವರು

ಅಪ್ಪನ ಮಾತು ಕೇಳಪ್ಪ. ಪ್ಲಗ್ ಹುಡುಕಿಕೊಂಡು ಟೂರ್ ಹೋಗೋದು ಯಾವ ಸೀಮೆ ಮಜಾ. ಅಮೆರಿಕದಲ್ಲಿ ಟೆಸ್ಟ್ ಮಾಡಿ 41 ಪರ್ಸೆಂಟ್ ರೇಂಜ್ ಬೀಳುತ್ತೆ ಅಂತ ಅವರೇ ಹೇಳಿದ್ದಾರೆ.

ಓಸ್ಲೋದಲ್ಲಿರೋ ಸರಸ್ವತಿಪುರಂ ಹುಡುಗ

ಡೀಸೆಲ್ ಅಣ್ಣ, ಪೂರ್ತಿ ಹೇಳಿ. ಅದು 2019ರಲ್ಲಿ ಎಎಎ ಅನ್ನೋ ಅಮೆರಿಕದ ವಾಹನ ಸವಾರರ ಸಂಘ ಮಾಡಿದ ಪರೀಕ್ಷೆ, ಐದು ಕಾರು, ಮೈನಸ್ 6–7 ಡಿಗ್ರಿ. ಹೀಟರ್ ಹಾಕಿದಾಗ 41, ಹಾಕದಿದ್ದರೆ ಬರೀ 12. ಅಂದರೆ ಜಾಸ್ತಿ ತಿನ್ನೋದು ಹೀಟರ್. ನಿಮ್ಮ ಡೀಸೆಲ್ ಎಂಜಿನ್ ಸುಟ್ಟ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಬಿಸಿಯಾಗೇ ಹೋಗುತ್ತೆ, ಅದನ್ನೇ ಒಳಗೆ ಊದಿ ಬೆಚ್ಚಗೆ ಮಾಡುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಬಿಸಿ ಇಲ್ಲ, ಬ್ಯಾಟರಿಯಿಂದಲೇ ಕಾಯಿಸಬೇಕು. ಹೀಟ್ ಪಂಪ್ (ಎಸಿಯನ್ನು ಉಲ್ಟಾ ಓಡಿಸಿದ ಹಾಗೆ, ಹೊರಗಿನ ಬಿಸಿಯನ್ನು ಒಳಗೆ ಎಳೆಯೋದು) ಇರುವ ಗಾಡಿಗೆ ಈ ಖರ್ಚು ಕಡಿಮೆ.

ಬ್ಯಾಟರಿ ಕಥೆ ಮಂಡ್ಯದವರಿಗೆ ಸುಲಭವಾಗಿ ಅರ್ಥವಾಗುತ್ತೆ. ಚಳಿಗಾಲದಲ್ಲಿ ಜೋನಿಬೆಲ್ಲ ಬಾಟಲಿ ಬಗ್ಗಿಸಿದರೆ ಬೇಗ ಬೀಳುತ್ತಾ? ಬೆಲ್ಲ ಎಲ್ಲೂ ಹೋಗಿರಲ್ಲ, ಹರಿಯೋದು ನಿಧಾನ ಅಷ್ಟೆ. ಸೆಲ್ ಒಳಗಿನ ದ್ರವದಲ್ಲಿ ಲಿಥಿಯಂ ಅಯಾನುಗಳು ಓಡಾಡೋದೂ ಹಾಗೇ. ಸೊನ್ನೆಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಹೋಗದೆ ಮೇಲೇ ಲೋಹವಾಗಿ ಕೂರುತ್ತೆ, ಸೆಲ್ ಹಾಳಾಗುತ್ತೆ. ಅದಕ್ಕೇ ಗಾಡಿಯೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನೋ ಬಗೆಯ ಬ್ಯಾಟರಿಗೆ ಈ ತೊಂದರೆ ಸ್ವಲ್ಪ ಜಾಸ್ತಿ.

ಆ ವಿಡಿಯೋ ಕೆನಡಾದ್ದಲ್ಲ ಅನ್ನಿಸುತ್ತೆ, 2024ರ ಜನವರಿಯಲ್ಲಿ ಶಿಕಾಗೋದಲ್ಲಿ ಹೀಗೇ ಆಗಿತ್ತು. ಬ್ಯಾಟರಿ ಬೆಚ್ಚಗೆ ಮಾಡಿಕೊಳ್ಳದೆ ಚಾರ್ಜರಿಗೆ ಬಂದರೆ ಒಬ್ಬೊಬ್ಬರಿಗೂ ಹೊತ್ತು ಹಿಡಿಯುತ್ತೆ, ಹಿಂದೆ ಸಾಲು ಬೆಳೆಯುತ್ತೆ. ಇಲ್ಲಿ ನಾರ್ವೆಯಲ್ಲಿ ಅದೇ ವರ್ಷ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು 89 ಪರ್ಸೆಂಟ್ ಎಲೆಕ್ಟ್ರಿಕ್. ಮೈನಸ್ 10ರಲ್ಲಿ ನಾವು ಮಾಡೋದು ಇಷ್ಟೇ. ರಾತ್ರಿ ಪ್ಲಗ್‌ಗೆ ಹಾಕಿಟ್ಟು, ಹೊರಡೋ ಮೊದಲು ಪ್ಲಗ್ ಕರೆಂಟಲ್ಲೇ ಗಾಡಿ ಬಿಸಿ ಮಾಡಿಕೊಳ್ಳುತ್ತೇವೆ. ಸೀಟ್ ಹೀಟರ್ ಇದ್ದರೆ ಅದನ್ನೇ ಹಾಕುತ್ತೇವೆ. ಊಟಿಗೆ ಇದ್ಯಾವುದೂ ಬೇಡ, ಅಪ್ಪನಿಗೆ ಒಂದು ಸ್ವೆಟರ್ ಸಾಕು. ಟೈರಿನ ಗಾಳಿ ನೋಡಿಸಿಕೊಳ್ಳಿ, ಚಳಿಗೆ ಅದೂ ಇಳಿಯುತ್ತೆ.

ಮಂಡ್ಯ ಹೈದ

ಹೋಗಿ ಬಂದ್ವಿ. ಗುಂಡ್ಲುಪೇಟೆಯಲ್ಲಿ ತಿಂಡಿ ತಿನ್ನೋ ಹೊತ್ತಿಗೆ ಅರ್ಧ ಗಂಟೆ ಚಾರ್ಜಿಗೆ ಹಾಕಿದ್ದೆ, ಊಟಿಗೆ 41 ಉಳಿದಿತ್ತು. ಹತ್ತುವಾಗ ಅಪ್ಪ ಐದು ನಿಮಿಷಕ್ಕೊಮ್ಮೆ "ಎಷ್ಟಿದೆ?" ಅಂತ ಕೇಳಿ ತಲೆ ತಿಂದರು. ಇಳಿಯುವಾಗ ಒಂದು ಕಡೆ 70 ಇದ್ದದ್ದು 71 ಆಯಿತು. ಎರಡು ಸಲ ಕನ್ನಡಕ ಒರೆಸಿಕೊಂಡು ನೋಡಿದರು. ಆಮೇಲೆ ಅವರೇ ಫೋಟೋ ಹೊಡೆದು ಕೆನಡಾಕ್ಕೆ ಕಳಿಸಿದ್ದಾರೆ, ಭಾವ ಇನ್ನೂ ಉತ್ತರ ಕೊಟ್ಟಿಲ್ಲ.

ಹೋಗೋರಿಗೆ ಒಂದು ಮಾತು, ನೀಲಗಿರಿಗೆ ಇ-ಪಾಸ್ ಮೊದಲೇ ಮಾಡಿಸಿಕೊಳ್ಳಿ. ನಮಗೆ ಹೊತ್ತು ಹೋಗಿದ್ದು ಅಲ್ಲಿ, ಚಾರ್ಜಿಂಗಿಗಲ್ಲ.