ಹಾಯಿದೋಣಿಯ ಬಗ್ಗೆ ಸುಮಾ ಕೇಳಿದ್ದಕ್ಕೆ ಟೀಚರತ್ತೆಯ ಉತ್ತರ

ಸುಮಾ, ನಿನ್ನ ಮೆಸೇಜ್ ಬೆಳಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ. ಕೆಲಸ ಮಾಡಿಕೊಂಡೇ ಕೇಳು. ಹಿಂದೆ ಸದ್ದು ಬರುತ್ತಿದೆ ಅಲ್ವಾ, ಅದು ಪಕ್ಕದ ತೋಟದವರ ಕಳೆ ಹೊಡೆಯುವ ಮೆಷಿನ್ನು.

ಮೇಲಿನ ಮೆಸೇಜ್ ಓದದವರಿಗೆ ಹೇಳಿಬಿಡುತ್ತೇನೆ. ನಮ್ಮ ರವಿ, ಸುಮಾ, ಮಕ್ಕಳು ದಸರಾ ರಜೆಗೆ ಕ್ರೊಯೇಷಿಯಾಕ್ಕೆ ಹೋಗುತ್ತಾರಂತೆ. ಸ್ಪ್ಲಿಟ್ ಅನ್ನುವ ಊರಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿದು, ಒಂದು ವಾರ ದ್ವೀಪ ದ್ವೀಪ ಸುತ್ತಿ, ಡುಬ್ರೋವ್ನಿಕ್ ಮುಟ್ಟಿ ವಾಪಸ್ ಬರುವುದು. ಶನಿವಾರ ಬೆಳಗ್ಗೆ ದೋಣಿ ಒಪ್ಪಿಸಿ ಅವತ್ತೇ ಮಧ್ಯಾಹ್ನ ವಿಮಾನ. ಸೋಮವಾರ ರವಿಗೆ ಆಫೀಸು. ಚಿನ್ನುವಿಗೆ ಈಜು ಬರಲ್ಲ, ಗಾಳಿ ಜೋರಾದರೆ ಏನು ಗತಿ, ಹೋಗುವುದಾ ಬೇಡವಾ ಅಂತ ಸುಮಾ ಕೇಳಿದ್ದಾಳೆ. ಎಲ್ಲರೂ ಹೆಬ್ಬೆರಳು ಎತ್ತಿ ಸುಮ್ಮನಾಗಿದ್ದೀರಿ. ಅವಳು ಕೇಳಿದ್ದು ಪ್ರಶ್ನೆ, ಹೆಬ್ಬೆರಳು ಉತ್ತರ ಅಲ್ಲ.

ಸುಮಾ, ಗಾಳಿ ಅಂದೆಯಲ್ಲ, ಸರಿಯಾದ ಕಡೆಯೇ ಭಯಪಟ್ಟಿದ್ದೀಯ. ನೀನು ಈ ಮನೆಗೆ ಬರುವ ಮೊದಲಿನ ಕತೆ ಒಂದಿದೆ. ಮಲ್ಪೆ ಕತೆ. ನಿನ್ನ ಕಿವಿಗೂ ಬಿದ್ದಿರುತ್ತದೆ, ಆದರೆ ತಲೆಕೆಳಗಾಗಿ ಬಿದ್ದಿರುತ್ತದೆ. ದೊಡ್ಡ ಭಾವ, ನೀವೂ ಕೇಳುತ್ತಿದ್ದೀರಿ ಅಂತ ಗೊತ್ತು. ಮಧ್ಯೆ ಮಾತಾಡಬೇಡಿ.

ಶನಿವಾರಸಂತೆ ಚಿಕ್ಕಪ್ಪನ ಮಗಳ ಮದುವೆ. ಮೇ ತಿಂಗಳ ಕೊನೆ. ಮಾರನೇ ದಿನ ಚಪ್ಪರ. ಉಡುಪಿಯಿಂದ ಶಂಕರಪುರ ಮಲ್ಲಿಗೆ ನಾನೇ ತರುತ್ತೇನೆ ಅಂತ ಭಾವ ಎದ್ದು ನಿಂತರು. ಮಲ್ಲಿಗೆಗೆ ಹೊರಟ ವ್ಯಾನಿಗೆ ಅರ್ಧ ಮನೆ ಹತ್ತಿತು. ಕೃಷ್ಣ ಮಠದಲ್ಲಿ ಊಟ ಆಯಿತು, ಹೂವೂ ಸಿಕ್ಕಿತು. ಅಲ್ಲಿಗೆ ತಿರುಗಿ ಬರಬಹುದಿತ್ತು. ಇಷ್ಟು ದೂರ ಬಂದಿದ್ದೇವೆ, ಸೇಂಟ್ ಮೇರೀಸ್ ದ್ವೀಪ ನೋಡಿಕೊಂಡೇ ಹೋಗೋಣ ಅಂದರು. ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಲಾವಾ ತಣಿದು ಆರು ಮೂಲೆಯ ಕಂಬಗಳಾಗಿ ನಿಂತ ಬಂಡೆಗಳವು. ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಪಾಠ ಮಾಡಿ ಮಾಡಿ ಬಾಯಿ ಒಣಗಿಸಿಕೊಂಡವಳಿಗೆ ಕಣ್ಣಾರೆ ನೋಡುವುದು ಬೇಡವಾ?

ಹೋಗುವಾಗ ಕಡಲು ಚೆನ್ನಾಗಿಯೇ ಇತ್ತು. ಆಗ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಬಿಡುತ್ತಿದ್ದರು. ಮಧ್ಯಾಹ್ನ ಕಳೆಯುತ್ತಿದ್ದಂತೆ ಪಡುವಣ ಗಾಳಿ ಎದ್ದಿತು. ಬಿಸಿಲಿಗೆ ನೆಲ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನಿಂದ ಗಾಳಿ ನುಗ್ಗುತ್ತದೆ. ಹೊತ್ತು ಮುಳುಗುವಾಗ ಅದು ತಾನೇ ಇಳಿಯುತ್ತದೆ. ಎಂಟನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ. ವಯಸ್ಸಾದ ದೋಣಿಯವನೊಬ್ಬ, "ಸ್ವಲ್ಪ ತಡೀರಿ, ಅಲೆ ಇಳಿಯಲಿ" ಅಂದ. ಭಾವ ವಾಚು ನೋಡಿದರು. ರಾತ್ರಿಯಾಗುವ ಮೊದಲು ಸಂಪಾಜೆ ಘಾಟಿ ಹತ್ತಬೇಕು, ನಾಳೆ ಚಪ್ಪರ, ಹೂವು ಬಾಡುತ್ತದೆ ಅಂದರು. ಎಳೆ ಹುಡುಗನೊಬ್ಬನ ಜೇಬಿಗೆ ಜಾಸ್ತಿ ದುಡ್ಡು ತುರುಕಿದರು. ಅವನು ಹೊರಡೋಣ ಅಂದ.

ನಾನು ಬರಲ್ಲ ಅಂದೆ. ಮಕ್ಕಳನ್ನೂ ಕಳಿಸಲ್ಲ ಅಂದೆ. ರವಿಗೆ ಆಗ ಚಡ್ಡಿ ವಯಸ್ಸು, ನನ್ನ ಸೆರಗು ಹಿಡಿದು ಅಳುತ್ತಿದ್ದ. ಐಸ್‌ಕ್ರೀಂ ಬೇಕು ಅಂತ ಅಳುತ್ತಿದ್ದದ್ದು, ಭಯಕ್ಕಲ್ಲ. ನಾವು ತೆಂಗಿನ ಮರದ ಬುಡದಲ್ಲಿ ಕೂತೆವು. ಭಾವ, ಅಕ್ಕ, ಇನ್ನೊಂದಿಷ್ಟು ಜನ ಹೊರಟರು.

ಅರ್ಧ ದಾರಿಯಲ್ಲಿ ಇಂಜಿನ್ ನಿಂತಿತು. ಇಂಜಿನ್ ನಿಂತ ದೋಣಿ ಅಲೆಗೆ ಅಡ್ಡ ತಿರುಗುತ್ತದೆ, ಅದೇ ಅಪಾಯ. ಎದುರಿನಿಂದ ಬಂದರೆ ಮೂತಿ ಸೀಳಿಕೊಂಡು ಹೋಗುತ್ತದೆ, ಪಕ್ಕಕ್ಕೆ ಹೊಡೆದರೆ ದೋಣಿ ಉರುಳುತ್ತದೆ. ನೀರು ಒಳಗೆ ಬಂತು. ಪುಣ್ಯಕ್ಕೆ ಮಲ್ಪೆಗೆ ಮರಳುತ್ತಿದ್ದ ಮೀನುಗಾರರ ದೋಣಿ ಕಂಡು ಹಗ್ಗ ಎಸೆಯಿತು. ಹೆಂಗಸರನ್ನು ಆ ದೋಣಿಗೆ ದಾಟಿಸುವಾಗ ಅಕ್ಕ ಬಿದ್ದು ಮಣಿಕಟ್ಟು ಮುರಿಯಿತು. ಮಲ್ಲಿಗೆಯ ಬುಟ್ಟಿ ಕಡಲಿಗೆ ಹೋಯಿತು. ಬಾಡುತ್ತದೆ ಅಂತ ಅವಸರ ಮಾಡಿದ ಮಲ್ಲಿಗೆ!

ನಾವು? ಹೊತ್ತು ಮುಳುಗುವಾಗ ಗಾಳಿ ಇಳಿಯಿತು, ಆ ಮುದುಕಪ್ಪನ ದೋಣಿಯಲ್ಲೇ ಬಂದೆವು. ಮಕ್ಕಳ ಕಾಲು ಕೂಡ ಒದ್ದೆಯಾಗಲಿಲ್ಲ. ಇರುವುದು ಒಂದೇ ವ್ಯಾನು, ಹಾಗಾಗಿ ಅವರು ಆಸ್ಪತ್ರೆ ಮುಗಿಸಿ ದಡದಲ್ಲಿ ನಮಗೇ ಕಾಯುತ್ತಿದ್ದರು. ಮುಂಚೆ ಹೊರಟವರು, ತಡೆದವರು, ಎಲ್ಲರೂ ಮನೆ ಸೇರಿದ್ದು ಒಂದೇ ಹೊತ್ತಿಗೆ. ಅಕ್ಕನ ಕೈ ಈಗಲೂ ಮಳೆಗಾಲ ಹಿಡಿಯಿತೆಂದರೆ ನೋಯುತ್ತದೆ.

ಅದಕ್ಕೇ ಹೇಳುತ್ತೇನೆ ಸುಮಾ. ದೋಣಿ ಇಳಿಯುವ ದಿನಕ್ಕೆ ಬೇರೆ ಯಾವ ಗಡುವನ್ನೂ ಇಟ್ಟುಕೊಳ್ಳಬೇಡ. ವಿಮಾನ ಬೇಡ, ಬಸ್ಸು ಬೇಡ, ರವಿಯ ಆಫೀಸಿನ ಮೀಟಿಂಗ್ ಬೇಡ. ಗಡುವು ಇದ್ದರೆ ಬುದ್ಧಿವಂತರೂ ತಡೀರಿ ಅಂದವನನ್ನು ಬಿಟ್ಟು ಹೊರಡೋಣ ಅಂದವನ ದೋಣಿ ಹತ್ತುತ್ತಾರೆ. ಗಾಳಿ ಯಾರ ಚಪ್ಪರಕ್ಕೂ ಕಾಯುವುದಿಲ್ಲ.

ಅಲ್ಲಿಯ ಗಾಳಿಗಂತೂ ಹೆಸರುಗಳೇ ಇವೆ. ಬೂರಾ ಅಂತ ಒಂದು. ಬೆಟ್ಟದ ಆಚೆಯ ತಣ್ಣನೆಯ ಗಾಳಿ ಈಶಾನ್ಯದಿಂದ ಕಡಲಿಗೆ ಧುಮುಕುತ್ತದೆ. ಆಕಾಶ ಶುಭ್ರವಾಗಿರುತ್ತದೆ, ಏನೂ ಇಲ್ಲ ಅನ್ನಿಸುತ್ತದೆ, ಒಮ್ಮೆಲೇ ಬೀಸಿ ಬಡಿಯುತ್ತದೆ. ಯೂಗೋ ಅಂತ ಇನ್ನೊಂದು, ಆಗ್ನೇಯದಿಂದ. ಅದು ನಿಧಾನಕ್ಕೆ ಏರುತ್ತದೆ, ಮೋಡ, ಸೆಕೆ, ದೊಡ್ಡ ಅಲೆ, ಒಮ್ಮೊಮ್ಮೆ ದಿನಗಟ್ಟಲೆ. ಒಳ್ಳೆಯದು ಮಾಯೆಸ್ಟ್ರಾಲ್. ಬೇಸಿಗೆಯ ಮಧ್ಯಾಹ್ನ ವಾಯವ್ಯದಿಂದ ಬೀಸಿ ಸಂಜೆ ಇಳಿಯುತ್ತದೆ, ನಮ್ಮ ಮಲ್ಪೆ ಗಾಳಿಯ ಜಾತಿಯೇ. ಹಾಯಿ ಬಿಚ್ಚುವುದಕ್ಕೆ ಅದೇ ಬೇಕು. ನೀವು ಹೋಗುವ ಅಕ್ಟೋಬರ್‌ನಲ್ಲಿ ಈ ಮೂರನೆಯದು ಕಡಿಮೆಯಾಗಿ, ಮೊದಲಿನ ಎರಡು ಜಾಸ್ತಿಯಾಗುತ್ತವೆ.

ಇಷ್ಟು ಹೇಳಿದವಳಿಗೆ ಈ ಮನೆಯಲ್ಲಿ ಸಿಕ್ಕಿದ ಬಿರುದು ಏನು? ಬಂಡೆ ಟೀಚರ್. ಯಾವ ಮದುವೆಗೆ ಹೋಗಲಿ, ಊಟದ ಪಂಕ್ತಿಯಲ್ಲಿ ಯಾರಾದರೂ ಶುರು ಮಾಡುತ್ತಾರೆ, "ಟೀಚರತ್ತೆ ಮಲ್ಪೆಯಲ್ಲಿ ಬಂಡೆ ತಬ್ಬಿಕೊಂಡು ಕೂತಿದ್ದರು" ಅಂತ. ಬಂಡೆಯಲ್ಲ, ತೆಂಗಿನ ಮರ. ತಬ್ಬಿಕೊಂಡೂ ಇರಲಿಲ್ಲ. ಕೊಡಗಿನವರಿಗೆ ಭಯವಾ, ನಮ್ಮ ಜನರಲ್ ತಿಮ್ಮಯ್ಯನವರು ಸೈಪ್ರಸ್ ದ್ವೀಪಕ್ಕೇ ಹೋಗಿರಲಿಲ್ಲವಾ ಅಂತ ಭಾವನ ಭಾಷಣ ಬೇರೆ. ಭಾವ, ಅವರು ಹೋದದ್ದು ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆಗಿ. 1965ರಲ್ಲಿ ಅಲ್ಲೇ ತೀರಿಕೊಂಡರು, ಹೃದಯಾಘಾತದಿಂದ. ನೀವು ಹೋದದ್ದು ಮಲ್ಲಿಗೆಗೆ.

ಇನ್ನು ಆ ದಸರಾ ರಜೆ. ಮಡಿಕೇರಿ ದಸರಾಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ದಶಮಂಟಪ ನೋಡಲು ರಾತ್ರಿಯಿಡೀ ನಿಲ್ಲುತ್ತಾರೆ. ನಮ್ಮ ಮನೆಯವರಿಗೆ ಮಾತ್ರ ಅದೇ ಹೊತ್ತಿಗೆ ಸಮುದ್ರ ಬೇಕು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗೋಣ ಅಂದರೆ ರಜೆ ಇಲ್ಲ. ಹುತ್ತರಿಗೆ ಕದಿರು ತೆಗೆಯಲು ಮನೆಯಲ್ಲಿ ಗಂಡಸರೇ ಇರುವುದಿಲ್ಲ, ಹೋದ ಸಲ ಕೆಲಸದ ಹುಡುಗನ ಕೈಯಲ್ಲಿ ಮಾಡಿಸಿದ್ದೇನೆ. ನನ್ನ ಮಗನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಜರ್ಮನಿಯಿಂದ ಊರಿಗೆ ಬರಲು ಟಿಕೆಟ್ ದುಬಾರಿಯಂತೆ, ಕ್ರೊಯೇಷಿಯಾಕ್ಕೆ ಹೋಗಲು ಅಗ್ಗವಂತೆ. ಕಾಫಿ ಕೊಯ್ಲಿಗೆ ಆಳು ಸಿಗದೆ ಹಣ್ಣು ಉದುರುತ್ತಿದೆ ಅಂತ ಹೇಳಿದರೆ ಅವನು ಕಳಿಸಿದ್ದು ಸ್ಪ್ಲಿಟ್‌ನಲ್ಲಿ ಐಸ್‌ಕ್ರೀಂ ತಿನ್ನುವ ಫೋಟೋ.

ಆದರೂ ಫೋಟೋ ಚೆನ್ನಾಗಿತ್ತು. ಡಯೋಕ್ಲೀಷಿಯನ್ ಅನ್ನುವ ರೋಮನ್ ಚಕ್ರವರ್ತಿ 305ರಲ್ಲಿ ತಾನಾಗಿಯೇ ಪಟ್ಟ ಬಿಟ್ಟು ಬಂದು ಅಲ್ಲಿ ಅರಮನೆಯಲ್ಲಿ ಇದ್ದನಂತೆ. ವಾಪಸ್ ಬಾ ಅಂತ ಕರೆದರೆ, ನಾನು ಬೆಳೆದ ಕೋಸು ನೋಡಿದರೆ ನೀವು ಹೀಗೆ ಕೇಳುತ್ತಿರಲಿಲ್ಲ ಅಂದನಂತೆ. ನಿವೃತ್ತಿಯಾದವರ ಮಾತು, ನನಗೆ ಅರ್ಥವಾಗುತ್ತದೆ. ಆ ಅರಮನೆಯ ಗೋಡೆಗಳ ಒಳಗೆ ಇವತ್ತಿಗೂ ಮನೆ, ಅಂಗಡಿ ಎಲ್ಲಾ ಇವೆ. ಹ್ವಾರ್ ದ್ವೀಪದ ಸ್ಟಾರಿ ಗ್ರಾಡ್ ಹತ್ತಿರ ಗ್ರೀಕರು ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗುರುತು ಹಾಕಿದ ಹೊಲಗಳಲ್ಲೇ ಈಗಲೂ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ, ಬದುಗಳು ಅವೇ. ನಮ್ಮಲ್ಲಿ ಅಣ್ಣತಮ್ಮಂದಿರು ಒಂದು ತಲೆಮಾರು ಬೇಲಿ ಉಳಿಸಿಕೊಳ್ಳುವುದಿಲ್ಲ. ಬೇಡ, ಆ ಮಾತು ಈಗ ಬೇಡ. ವಿಸ್ ದ್ವೀಪವೂ ನೋಡುವಂಥದ್ದು. ಯುಗೊಸ್ಲಾವಿಯಾದ ಸೈನ್ಯ ಇದ್ದ ಕಾರಣ 1989ರ ತನಕ ಹೊರದೇಶದವರನ್ನು ಬಿಡುತ್ತಿರಲಿಲ್ಲ, ಹಾಗಾಗಿ ಹೆಚ್ಚು ಕೆಟ್ಟಿಲ್ಲ ಅಂತ ಮಗ ಹೇಳಿದ.

ಅಯ್ಯೋ, ನೀನು ಕೇಳಿದ್ದು ಹೋಗುವುದಾ ಬೇಡವಾ ಅಂತ ಅಲ್ವಾ. ಹೋಗಿ. ಧಾರಾಳವಾಗಿ ಹೋಗಿ. ಅಕ್ಟೋಬರ್ ಬಿಟ್ಟು ಮೇ ತಿಂಗಳ ನಡುವೆ ಹೋಗಿ, ಮಕ್ಕಳಿಗೆ ಬೇಸಿಗೆ ರಜೆಯೂ ಇರುತ್ತದೆ. ನೀರು ಸ್ವಲ್ಪ ತಣ್ಣಗಿರುತ್ತದೆ, ಅಷ್ಟೇ. ಮಗನನ್ನು ಕೇಳಿ ಬರೆದುಕೊಂಡ ಚೀಟಿ ಇಲ್ಲೇ ಇದೆ, ಕನ್ನಡಕ ಹಾಕಿಕೊಳ್ಳುತ್ತೇನೆ ಇರು.

ದೋಣಿ ನಡೆಸಲು ಅಲ್ಲಿ ಲೈಸೆನ್ಸ್ ಬೇಕು, ರೇಡಿಯೋದ ಸರ್ಟಿಫಿಕೇಟೂ ಬೇಕು. ರವಿಯ ಹತ್ತಿರ ಇರುವುದು ಕಾರಿನದ್ದು. ಆದ್ದರಿಂದ ಸ್ಕಿಪ್ಪರ್, ಅಂದರೆ ದೋಣಿ ನಡೆಸುವವನನ್ನು, ತೆಗೆದುಕೊಳ್ಳಿ. ಅವನಿಗೆ ಒಂದು ಕೋಣೆ, ಊಟ ನಿಮ್ಮದೇ. ಅವನು ಇವತ್ತು ಬೇಡ ಅಂದರೆ ಬೇಡ. ರವಿ ವಾಚು ನೋಡಿದರೆ ನೀನು ಆ ವಾಚು ಬಿಚ್ಚಿಸು. ಚಿನ್ನುವಿನ ಅಳತೆಯ ಲೈಫ್ ಜಾಕೆಟ್ ಬೇಕು ಅಂತ ಬುಕ್ ಮಾಡುವಾಗಲೇ ಬರೆದು ಕೇಳು, ದೊಡ್ಡವರದ್ದು ಮಕ್ಕಳ ತಲೆಯ ಮೇಲಿಂದ ಜಾರಿ ಹೋಗುತ್ತದೆ. ಈಗಿನಿಂದಲೇ ಈಜಿಗೂ ಸೇರಿಸು. ದಡದಲ್ಲಿ ಹೆಚ್ಚಾಗಿ ಮರಳಲ್ಲ, ಕಲ್ಲು. ನೀರೊಳಗಿನ ಕಲ್ಲುಗಳಲ್ಲಿ ಕಪ್ಪು ಮುಳ್ಳುಂಡೆಯಂಥ ಜೀವಿಗಳಿರುತ್ತವೆ, ರಬ್ಬರ್ ಚಪ್ಪಲಿ ಬೇಕೇ ಬೇಕು. ಏನಾದರೂ ಆದರೆ ದೋಣಿಯ ರೇಡಿಯೋದಲ್ಲಿ ಚಾನೆಲ್ 16, ಫೋನಿನಲ್ಲಿ 112.

ದೋಣಿ ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಶುಕ್ರವಾರ ಸಂಜೆಯೇ ಮರೀನಾಕ್ಕೆ, ಅಂದರೆ ದೋಣಿ ಕಟ್ಟುವ ಜಾಗಕ್ಕೆ, ಮರಳಬೇಕು. ಅದಕ್ಕೇ ಡುಬ್ರೋವ್ನಿಕ್ ತನಕ ದೋಣಿಯಲ್ಲಿ ಹೋಗಿ ವಾರದಲ್ಲಿ ತಿರುಗಿ ಬರುವುದು ಬೇಡ. ಮಕ್ಕಳಿಗೆ ಬರೀ ಓಟವೇ ಆಗುತ್ತದೆ. ಬ್ರಾಚ್, ಹ್ವಾರ್, ವಿಸ್ ಸುತ್ತಿ ಬಂದರೆ ಸಾಕು. ಡುಬ್ರೋವ್ನಿಕ್‌ಗೆ ಆಮೇಲೆ ಬಸ್ಸಿನಲ್ಲಿ ಹೋಗಿ, ಆ ಕೋಟೆಗೋಡೆ ಹೆಚ್ಚುಕಡಿಮೆ 2 ಕಿಲೋಮೀಟರ್, ಮೇಲೆಯೇ ನಡೆಯಬಹುದು. ಬಸ್ಸು ಪೆಲ್ಯೆಶಾಟ್ಸ್ ಸೇತುವೆ ಮೇಲೆ ಹೋಗುತ್ತದಾ ಅಂತ ಕೇಳಿಯೇ ಹತ್ತಿ. 2022ರಲ್ಲಿ ಆದ ಸೇತುವೆ. ಹಳೆಯ ದಾರಿ ಬೋಸ್ನಿಯಾದ ನೇಯುಮ್ ಮೂಲಕ ಹೋಗುತ್ತದೆ. ಒಂದೇ ವೀಸಾದಲ್ಲಿ ಓಡಾಡುವ ಯುರೋಪಿನ ದೇಶಗಳ ಗುಂಪು ಇದೆಯಲ್ಲ, ಷೆಂಗೆನ್ ಅಂತ, ಕ್ರೊಯೇಷಿಯಾ 2023ರಿಂದ ಅದರಲ್ಲಿದೆ, ಬೋಸ್ನಿಯಾ ಇಲ್ಲ. ಒಂದೇ ಸಲ ಒಳಗೆ ಬಿಡುವ ವೀಸಾ ಇಟ್ಟುಕೊಂಡು ಆಚೆ ಹೋದರೆ ಮತ್ತೆ ಒಳಗೆ ಬರುವಾಗ ಗೋಳು.

ಇನ್ನೊಂದು ಸಲ ಹೇಳುತ್ತೇನೆ, ಬೈದುಕೊಂಡರೂ ಪರವಾಗಿಲ್ಲ. ದೋಣಿ ಇಳಿಯುವ ದಿನ ವಿಮಾನ ಬೇಡ. ಡುಬ್ರೋವ್ನಿಕ್ ಸೇರಿಸಿ ಎರಡು ಮೂರು ದಿನ ಮಧ್ಯೆ ಬಿಟ್ಟು ಟಿಕೆಟ್ ಮಾಡಿಸಿ. ರವಿಯ ಆಫೀಸಿಗೆ ನಾನು ಬೇಕಾದರೆ ಫೋನ್ ಮಾಡುತ್ತೇನೆ.

ವೀಸಾಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆ ಗಳಿಗೆಗೆ ಬಿಡಬೇಡಿ. 30,000 ಯೂರೋದ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಅದರಲ್ಲಿ ಹಾಯಿದೋಣಿ ಸೇರಿದೆಯಾ ಅಂತ ಸಣ್ಣ ಅಕ್ಷರ ಓದು. ಪಾಸ್‌ಪೋರ್ಟ್ ನೀವು ಅಲ್ಲಿಂದ ಹೊರಟ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು. ನಿಮ್ಮಿಬ್ಬರದ್ದು 10 ವರ್ಷದ್ದು, ಮಕ್ಕಳದ್ದು 5 ವರ್ಷಕ್ಕೇ ಮುಗಿಯುತ್ತದೆ. ಚಿನ್ನುವಿನದ್ದು ಅವನು ಅಂಗನವಾಡಿಗೆ ಹೋಗುವಾಗ ಮಾಡಿಸಿದ್ದಲ್ವಾ? ಬೀರುವಿನಿಂದ ತೆಗೆದು ಇವತ್ತೇ ತಾರೀಕು ನೋಡಿ ನನಗೆ ಹೇಳು. ಗ್ರೂಪಿನಲ್ಲಿ ಹಾಕಬೇಡ, ನನಗೊಬ್ಬಳಿಗೇ ಕಳಿಸು.